ಹಳದಿ ದೀಪದ ಪಂಚಾಯ್ತಿ

ನಮ್ಮ ಊರು ಹಿಂಡಲಗಾದಾಗ ಯಾರ ಮನಿ ಮುಂದ ಕಾರಿನ ಬಾನೆಟ್ ಎದ್ರೂ ಸಾಕು, ಆಚೀಚೆ ಕಂಪೌಂಡಿನ ಮ್ಯಾಲೆ ಮೊಣಕೈ ಊರಿ ಮಂದಿ ನಿಂತೇಬಿಡ್ತಾರ. ಫೌಜಿನಿಂದ ನಿವೃತ್ತಿಯಾದವರು, ಉದ್ಯಮಬಾಗದ ಫೌಂಡ್ರಿಗೆ ಹೋಗುವವರು, ಎಲ್ಲರೂ ಇಲ್ಲಿ ಅರ್ಧ ಮೇಸ್ತ್ರಿಗಳೇ. ಹೋದ ಮಳಿಗಾಲದಾಗ ಪಕ್ಕದ ಮನಿ ಕಾಕಾ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟಿನ ಕೆಸರು ಮೆತ್ತಿಕೊಂಡು ಬಂದ್ರು. ಎಬಿಎಸ್ ಅನ್ನೋ ಹಳದಿ ದೀಪ ಹತ್ತಿದ್ದು ಆರವಲ್ದು.

ಎದುರು ಮನಿ ಸುಬೇದಾರ್ ಸಾಹೇಬರು ತೀರ್ಪು ಕೊಟ್ರು: "ಬ್ರೇಕ್ ಆಯಿಲ್ ಕಮ್ಮಿ ಆಗೇತಿ."

"ಆಯಿಲ್ ಕಮ್ಮಿ ಆದ್ರ ಕೆಂಪು ದೀಪ ಹತ್ತತೈತ್ರಿ ಸಾಹೇಬ್ರ. ಇದು ಹಳದಿ," ಅಂದೆ.

ಒಳಗಿನಿಂದ ಕಾಕು ಕೇಳಿದ್ರು: "ಅದೆಲ್ಲಾ ಇರ್ಲಿ, ಬ್ರೇಕ್ ಹಿಡೀತಾವೋ ಇಲ್ಲೋ?"

ಅಷ್ಟು ಜನರೊಳಗ ಶಾಣ್ಯಾ ಮಾತು ಅದೊಂದೇ. ಹಿಡೀತಾವ. ಹಳದಿ ಒಂದೇ ಹತ್ತಿದ್ರ ಸಾದಾ ಬ್ರೇಕು ಸಾದಾ ಬ್ರೇಕಾಗಿ ಇರತೈತಿ. ಆದ್ರ ತೊಯ್ದ ರಸ್ತಾದಾಗ ಗಟ್ಟಿಯಾಗಿ ತುಳಿದ್ರ ಗಾಲಿ ಲಾಕ್ ಆಗಿ ಜಾರಬಹುದು, ಅದನ್ನ ತಡೆಯೋ ಎಬಿಎಸ್ ಆಗ ಬಂದ್ ಇರತೈತಿ. ಕೆಂಪೂ ಹಳದಿಯೂ ಕೂಡೇ ಹತ್ತಿದ್ರ ಮಾತ್ರ ಗಾಡಿ ಅಲ್ಲೇ ನಿಲ್ಲಿಸಬೇಕು.

ತಮಾಷಿ ಏನಂದ್ರ, ಬಾನೆಟ್ ಎತ್ತಿ ಎಲ್ಲರೂ ಇಣುಕಿದ್ದು ಎಂಜಿನ್ನಿನೊಳಗ; ಬ್ಯಾನಿ ಇದ್ದದ್ದು ಗಾಲಿ ಬುಡದಾಗ. ನಾಲ್ಕೂ ಗಾಲಿಗೆ ಬೆರಳಿನಷ್ಟು ಸೆನ್ಸರ್ ಇರತೈತಿ. ಗಾಲಿ ಜೋಡಿ ತಿರುಗುವ ಹಲ್ಲಿನ ಚಕ್ರವನ್ನೋ, ಬೇರಿಂಗಿನೊಳಗಿನ ಅಯಸ್ಕಾಂತದ ಉಂಗುರವನ್ನೋ ಓದಿ ಅದು ವೇಗ ಹೇಳತೈತಿ. ನಾಲ್ಕರಾಗ ಒಂದು ಮಾತು ನಿಲ್ಲಿಸಿದ್ರೂ ಕಂಪ್ಯೂಟರು ಎಬಿಎಸ್ಸನ್ನ ಬಂದ್ ಮಾಡಿ ದೀಪ ಹಚ್ಚತೈತಿ.

ಗ್ಯಾರೇಜಿನವ ಸ್ಕ್ಯಾನರ್ ಹಚ್ಚಿ, "ಎಡಗಡೆ ಮುಂದಿನ ಗಾಲಿ. ಹೊಸಾ ಸೆನ್ಸರ್ ಹಾಕಬೇಕು" ಅಂದಿದ್ದ. ನನ್ನ ತಕರಾರು ಇಲ್ಲೇ. ಸ್ಕ್ಯಾನರ್ ಓಣಿ ತೋರಸತೈತಿ, ಕಳ್ಳನ್ನ ಹಿಡಿದುಕೊಡೂದಿಲ್ಲ. ಊರಾಗ 1923ರ ಸೆಂಟ್ರಲ್ ಜೈಲು ಐತಿ ಅಂತ ಸಿಕ್ಕವರನ್ನೆಲ್ಲಾ ಒಳಗ ಹಾಕಾಕ ಬರತೈತೇನು?

ಸಂಶಯಕ್ಕ ಬ್ಯಾರೆಯವರೂ ಅದಾರ. ಸೆನ್ಸರಿನ ತುದಿಯಾಗ ಅಯಸ್ಕಾಂತ ಇದ್ದರ ಡಿಸ್ಕ್ ಸವೆದ ಕಬ್ಬಿಣದ ಪುಡಿ ಹಿಡಕೋತೈತಿ, ಮ್ಯಾಲೆ ನಮ್ಮ ಕೆಮ್ಮಣ್ಣಿನ ಲೇಪ. ಸ್ಟೇರಿಂಗ್ ತಿರುಗಿಸಿದಾಗೊಮ್ಮೆ ಮಣೀವ ವೈರು ಹೊರಗ ನೆಟ್ಟಗ ಕಂಡರೂ ಒಳಗ ತುಂಡಾಗಿರಬಹುದು. ಇಲಿ ಕಡಿದಿರಬಹುದು. ಹೊಸಾ ಬೇರಿಂಗ್ ಹಾಕಿಸಿದ ಮಾರನೇ ದಿನ ದೀಪ ಹತ್ತಿದ್ರ, ಉಂಗುರ ಇರೋ ಮಗ್ಗಲು ತಿರುವುಮುರುವಾಗಿ ಕೂತಿರಬಹುದು. ಸೆನ್ಸರ್ ಎಷ್ಟು ಬದಲಿಸಿದ್ರೂ ಆ ದೀಪ ಆರೂದಿಲ್ಲ.

ಕಾಕಾನ ಅಳಿಯ ಮಲ್ಟಿಮೀಟರ್ ತಂದ. ತಡೀರಿ ಅಂದೆ. ಹಳೇ ತರದ ಸುರುಳಿ ಸೆನ್ಸರ್ ಆದ್ರ ಓಮ್ ಅಳೀಬಹುದು, ಗಾಲಿ ಕೈಲೆ ತಿರುಗಿಸಿದ್ರ ಚೂರು ಎಸಿ ವೋಲ್ಟೇಜೂ ತೋರಸತೈತಿ. ಈಗಿನ ಬಹಳ ಗಾಡಿಗಳದು ಒಳಗ ಚಿಪ್ ಇರೋ ಸೆನ್ಸರ್; ಓಮ್ ಅಳೀಲಿಕ್ಕೆ ಹೋದ್ರ ಚೊಲೋ ಇದ್ದದ್ದೂ ಹಾಳಾಗಬಹುದು. ಅದಕ್ಕ ಸ್ಕ್ಯಾನರಿನಾಗ ಲೈವ್ ಡೇಟಾ ತೆಗೆದು ಮೆಲ್ಲಕ ಓಡಿಸಬೇಕು. ಮೂರು ಗಾಲಿ 20 ಅಂತಿರುವಾಗ ಒಂದು ಸೊನ್ನೆ ಅಂದ್ರ, ಅದರ ವೈರು ಹಿಡಿದು ಅಲುಗಾಡಿಸಿ, ಕಪ್ಲರ್ ಬಿಚ್ಚಿ ನೋಡಬೇಕು.

ಕಾಕಾನ ಗಾಡಿಯ ಕಪ್ಲರಿನಾಗ ನೀರು ಹೊಕ್ಕು ಪಿನ್ನು ಹಸಿರು ಹಿಡಿದಿತ್ತು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ, ಸುಳಗಾ ಕಡೆ ಒಂದು ಸುತ್ತು ಹೊಡೆಯೂದ್ರಾಗ ದೀಪ ಆರಿತು. ವೈರು ತುಂಡಾಗಿದ್ರ ಮಾತ್ರ ಗ್ಯಾರೇಜಿನವನ ಮಾತೇ ಖರೆ ಆಗತಿತ್ತು. ಸೆನ್ಸರೂ ವೈರೂ ಸಾಮಾನ್ಯವಾಗಿ ಒಂದೇ ಸೆಟ್ಟು, ಗಾಲಿ ಹತ್ತಿರ ಗಂಟು ಹಾಕಿದ ವೈರು ಬಾಳಿಕೆ ಬರೂದಿಲ್ಲ.

ಏಪ್ರಿಲ್ 2019ರಿಂದ ಹೊಸಾ ಕಾರುಗಳಿಗೆ, 125 ಸಿಸಿ ಮೀರಿದ ಹೊಸಾ ಬೈಕುಗಳಿಗೆ ಎಬಿಎಸ್ ಕಡ್ಡಾಯ. ಅಂದಮ್ಯಾಲೆ ಈ ದೀಪ ನಿಮ್ಮ ಓಣಿಗೂ ಬಂದೈತಿ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳೋರಿದ್ರ ಒಂದು ಮಾತು: ಕೀ ತಿರುಗಿಸಿದ ಕೂಡಲೇ ಆ ಹಳದಿ ದೀಪ ಹತ್ತಬೇಕು, ಆಮ್ಯಾಲೆ ಆರಬೇಕು. ಹತ್ತದೇ ಇದ್ರ ದೀಪದ ಬಾಯಿ ಯಾರೋ ಮುಚ್ಚಿಸಿರಬಹುದು. ರೊಕ್ಕ ಎಣಿಸೋಕಿಂತ ಮೊದಲ ಕೇಳ್ರಿ.