ಮೀಸೆ ಮಣ್ಣಾಗದ ಮೈಕ್ರೋಮೀಟರ್

ಪೀಣ್ಯದಲ್ಲಿ, ಹೆಸರು ಹಾಕಬೇಡಿ ಎಂದು ಮಾಲೀಕರು ಕೈಮುಗಿದು ಕೇಳಿಕೊಂಡ ಒಂದು ಕಾರ್ಖಾನೆಯಿದೆ. ಲೇತಿನಲ್ಲಿ ಶಾಫ್ಟುಗಳನ್ನು ಕಡೆದು ವಾಹನ ಕಂಪನಿಗಳಿಗೆ ಕಳಿಸುವುದು ಅದರ ಕಸುಬು. ಶಾಫ್ಟಿನ ದಪ್ಪ ಸರಿಯಿದೆಯೇ ಎಂದು ಹೇಳಬೇಕಾದದ್ದು ಮೈಕ್ರೋಮೀಟರು. ಮೈಕ್ರೋಮೀಟರು ಸರಿಯಿದೆಯೇ ಎಂದು ಹೇಳಬೇಕಾದದ್ದು ಕ್ಯಾಲಿಬ್ರೇಶನ್ ಲ್ಯಾಬು. ಲ್ಯಾಬಿಗೆ ಯಾವಾಗ ಹೋಗಬೇಕು ಎಂದು ಹೇಳಬೇಕಾದದ್ದು ಹೊಸದಾಗಿ ತರಿಸಿರುವ ಮೇಂಟೆನೆನ್ಸ್ ಸಾಫ್ಟ್‌ವೇರು. ಈ ಮೂವರಲ್ಲಿ ಮೊದಲನೆಯವರನ್ನು ಆಡಿಟ್‌ಗೆ ಎರಡು ದಿನ ಮುಂಚೆ ಮಾತಾಡಿಸಿದೆವು. ಅಳತೆ ಸೊನ್ನೆಯಿಂದ 25 ಮಿ.ಮೀ., ಕೋಡ್ ನಂಬರ್ ಎಂಎಂ-07, ಸ್ವಂತ ಪೆಟ್ಟಿಗೆ ಕಳೆದುಹೋಗಿ ಕಾಲವಾಗಿದೆ. ಮೂರನೆಯವರು ಕರೆಯದೇ ಬಂದರು.

ಪ್ರಶ್ನೆ: ನಮಸ್ಕಾರ. ಆರೋಗ್ಯವೇ?

ಮೈಕ್ರೋಮೀಟರ್: ಮೈಮೇಲೆ ಅಂಟಿಸಿದಾರಲ್ಲ ಸ್ವಾಮಿ, ಓದಿಕೊಳ್ಳಿ. ಕ್ಯಾಲಿಬ್ರೇಶನ್ ಆದ ತಾರೀಕು, ಮುಂದೆ ಆಗಬೇಕಾದ ತಾರೀಕು, ಕೆಳಗೊಂದು ಸಹಿ. ಸ್ಟಿಕ್ಕರ್ ಹಸಿರು. ಅಂದಮೇಲೆ ನಾನು ಆರೋಗ್ಯವಾಗಿದೀನಿ. ನನ್ನನ್ನೇ ಕೇಳಿ ತಿಳಿಯೋ ಪದ್ಧತಿ ಇಲ್ಲಿಲ್ಲ.

ಪ್ರಶ್ನೆ: ನಾವು ಕೇಳುತ್ತಿದ್ದೇವಲ್ಲ.

ಮೈಕ್ರೋಮೀಟರ್: ಹಾಗಾದ್ರೆ ಹೇಳ್ತೀನಿ. ಹೋದ ಮಂಗಳವಾರ ರಾತ್ರಿ ಪಾಳಿಯಲ್ಲಿ ಬೆಂಚಿನ ಮೇಲಿಂದ ಸಿಮೆಂಟ್ ನೆಲಕ್ಕೆ ಬಿದ್ದೆ. ಆಪರೇಟರ್ ಹುಡುಗ ಎತ್ತಿದ, ಅತ್ತ ಇತ್ತ ನೋಡಿದ, ಪ್ಯಾಂಟಿಗೆ ಒರೆಸಿ ಇದ್ದಲ್ಲೇ ಇಟ್ಟ. ಸ್ಟಿಕ್ಕರ್‌ಗೆ ಒಂದು ಗೀರೂ ಆಗಿಲ್ಲ. ಜಟ್ಟಿ ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತಾರಲ್ಲ, ಆ ಮೀಸೆ ಇದೇ. ನನ್ನ ಮುಂದಿನ ತಾರೀಕು ಫೆಬ್ರವರಿಯಲ್ಲಿದೆ. ಅಲ್ಲಿವರೆಗೆ ಕಂಪ್ಯೂಟರ್ ಲೆಕ್ಕದಲ್ಲಿ ನಾನು ಬಿದ್ದೇ ಇಲ್ಲ.

ಪ್ರಶ್ನೆ: ಪೆಟ್ಟು ಎಷ್ಟಾಗಿದೆ ಅಂತ ನೋಡೋದು ಕಷ್ಟವೇ?

ಮೈಕ್ರೋಮೀಟರ್: ಎರಡು ನಿಮಿಷದ ಕೆಲಸ. ದಪ್ಪ ಖಚಿತವಾಗಿ ಗೊತ್ತಿರೋ ಒಂದು ಸ್ಲಿಪ್ ಗೇಜ್ ತಂದು ನನ್ನ ದವಡೆಗಳ ನಡುವೆ ಇಟ್ಟು ರಾಚೆಟ್ ತಿರುಗಿಸಿದರೆ ಗೊತ್ತಾಗುತ್ತೆ. ನಮ್ಮ ಕ್ವಾಲಿಟಿಯವರು ನನಗೆ ಹಾಕಿರೋ ಮಿತಿ ಆಚೆಗೆ 4 ಮೈಕ್ರಾನ್, ಈಚೆಗೆ 4 ಮೈಕ್ರಾನ್. ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಅಂತ ಇಟ್ಟುಕೊಳ್ಳಿ. ಅದನ್ನ ಹದಿನೇಳು ಸೀಳು ಮಾಡಿದರೆ ಒಂದು ಸೀಳಿನಷ್ಟು ನನ್ನ ಮಾನ. ಆದರೆ ಸ್ಲಿಪ್ ಗೇಜ್ ಪೆಟ್ಟಿಗೆ ಬೀರುವಿನಲ್ಲಿದೆ, ಬೀರುವಿನ ಬೀಗದ ಕೈ ಕ್ವಾಲಿಟಿ ಸಾಹೇಬರ ಹತ್ತಿರ ಇದೆ, ಸಾಹೇಬರು ಮೀಟಿಂಗಿನಲ್ಲಿದಾರೆ. ಗೇಜ್ ಹೊರಗೆ ತೆಗೆದರೆ ಸವೆಯುತ್ತೆ, ಸವೆದರೆ ಆಡಿಟರ್ ಕೇಳ್ತಾನೆ ಅನ್ನೋದು ಅವರ ವಾದ. ಹಾಗಾಗಿ ನಮ್ಮ ಕಾರ್ಖಾನೆಯಲ್ಲಿ ಅತ್ಯಂತ ಸರಿಯಾಗಿರೋ ವಸ್ತುವನ್ನ ಯಾರೂ ಮುಟ್ಟೋ ಹಾಗಿಲ್ಲ.

ಪ್ರಶ್ನೆ: ವರ್ಷಕ್ಕೊಂದು ಸಲ ಕ್ಯಾಲಿಬ್ರೇಶನ್ ಅಂತ ತೀರ್ಮಾನ ಮಾಡಿದವರು ಯಾರು?

ಮೈಕ್ರೋಮೀಟರ್: ಅದನ್ನ ನಾನೂ ಹುಡುಕ್ತಾ ಇದೀನಿ. ಐಎಸ್‌ಒ 9001 ಹೇಳಿದೆ ಅಂತಾರೆ. ಅದು ಹೇಳೋದು, ನಿಗದಿ ಮಾಡಿಕೊಂಡ ಅವಧಿಗೊಮ್ಮೆ ಅಥವಾ ಬಳಸೋಕೆ ಮುಂಚೆ ನೋಡಿಸಿ ಅಂತ ಅಷ್ಟೇ. ವರ್ಷ ಅನ್ನೋ ಮಾತೇ ಇಲ್ಲ. ಲ್ಯಾಬಿನವರು ಹೇಳಿದಾರೆ ಅಂತಾರೆ. ಲ್ಯಾಬುಗಳ ನಿಯಮ ಐಎಸ್‌ಒ 17025. ಗಿರಾಕಿ ಒಪ್ಪಿಕೊಂಡ ಹೊರತು ಮುಂದಿನ ತಾರೀಕಿನ ಶಿಫಾರಸನ್ನ ಸರ್ಟಿಫಿಕೇಟಿನಲ್ಲಿ ಹಾಕೋ ಹಾಗೇ ಇಲ್ಲ ಅನ್ನುತ್ತೆ ಅದು. ನಮ್ಮವರು ಫೋನ್ ಮಾಡಿ, ‘ಸಾರ್, ಒಂದು ವರ್ಷ ಅಂತ ಹಾಕಿಬಿಡಿ’ ಅಂತಾರೆ, ಅವರು ಹಾಕ್ತಾರೆ. ಆಮೇಲೆ ನಮ್ಮವರು ಅದನ್ನ ತೋರಿಸಿ, ‘ನೋಡಿ, ಲ್ಯಾಬಿನವರೇ ಬರೆದಿದಾರೆ’ ಅಂತಾರೆ. ಸಾಫ್ಟ್‌ವೇರ್ ಕೂರಿಸೋಕೆ ಬಂದ ಹುಡುಗ, ‘ಅವಧಿ ಎಷ್ಟು ಹಾಕಲಿ ಮೇಡಂ?’ ಅಂತ ಕೇಳಿದ. ಮೇಡಂ ಎಕ್ಸೆಲ್ ಹಾಳೆಯ ಮೊದಲ ಮನೆಯಲ್ಲಿ 12 ತಿಂಗಳು ಅಂತ ಬರೆದು ಮೂಲೆ ಹಿಡಿದು ಕೆಳಗೆ ಎಳೆದರು. ಇನ್ನೂರು ಚಿಲ್ಲರೆ ಉಪಕರಣಗಳ ಹಣೆಬರಹ ಒಂದೇ ಎಳೆತಕ್ಕೆ ಮುಗೀತು.

ಪ್ರಶ್ನೆ: ಎಲ್ಲರಿಗೂ ಒಂದೇ ಅವಧಿ. ಸಮಾನತೆ ಅಲ್ಲವೇ?

ಮೈಕ್ರೋಮೀಟರ್: ನನ್ನ ಚಿಕ್ಕಪ್ಪ ಒಬ್ಬರಿದಾರೆ, 75ರಿಂದ 100 ಮಿ.ಮೀ. ಅಳೆಯೋರು. ಅಷ್ಟು ದಪ್ಪದ ಶಾಫ್ಟಿನ ಆರ್ಡರ್ ನಮಗೆ ಬಂದೇ ಇಲ್ಲ. ಎಣ್ಣೆ ಕಾಗದ ಸುತ್ತಿಕೊಂಡು ಮಲಗಿದಾರೆ. ವರ್ಷಕ್ಕೊಂದು ಸಲ ಕಾರಿನಲ್ಲಿ ಲ್ಯಾಬಿಗೆ ಹೋಗಿ ಬರ್ತಾರೆ. ನಾನು ದಿನಕ್ಕೆ ಮೂರು ಪಾಳಿ, ನೂರಾರು ಶಾಫ್ಟು, ಮೈಯೆಲ್ಲ ಕೂಲಂಟ್. ಒಂದು ಸಲ ಎರಡು ತಗಡು ಅಂಟಿಸೋಕೆ ನನ್ನನ್ನೇ ಕ್ಲಾಂಪ್ ಮಾಡಿಕೊಂಡಿದ್ದರು. ನನಗೂ ವರ್ಷಕ್ಕೊಂದೇ ಸಲ. ಐಲ್ಯಾಕ್ ಮತ್ತು ಒಐಎಂಎಲ್ ಅಂತ ಎರಡು ಅಂತರರಾಷ್ಟ್ರೀಯ ಸಂಸ್ಥೆಗಳು ಸೇರಿ ಇದಕ್ಕೇ ಒಂದು ಮಾರ್ಗದರ್ಶಿ ಬರೆದಿವೆ. ಸತತವಾಗಿ ಸರಿ ಬಂದರೆ ಅವಧಿ ಹಿಗ್ಗಿಸಿ, ತಪ್ಪು ಬಂದರೆ ಕುಗ್ಗಿಸಿ, ಕ್ಯಾಲೆಂಡರ್ ಬಿಟ್ಟು ಬಳಕೆಯ ಗಂಟೆ ಎಣಿಸಿದರೂ ಆಗುತ್ತೆ ಅಂತ...

(ಇಲ್ಲಿ ಮೂಲೆಯ ಕಂಪ್ಯೂಟರಿನಿಂದ ಟಿಂಗ್ ಎಂಬ ಶಬ್ದ.)

ಸಾಫ್ಟ್‌ವೇರ್: ಸ್ಪಷ್ಟೀಕರಣ. ಬಳಕೆಯಾಧಾರಿತ ವೇಳಾಪಟ್ಟಿ ಸೌಲಭ್ಯವು ನನ್ನಲ್ಲಿ ಲಭ್ಯವಿರುತ್ತದೆ. ಬಳಕೆಯ ಸಂಖ್ಯೆಯನ್ನು ನಮೂದಿಸಬೇಕಾದವರು ಈವರೆಗೆ ನಮೂದಿಸಿರುವುದಿಲ್ಲ.

ಮೈಕ್ರೋಮೀಟರ್: ಇವರು ಸುಳ್ಳು ಹೇಳಲ್ಲ ಸ್ವಾಮಿ. ಅದೇ ಇವರ ತೊಂದರೆ.

ಪ್ರಶ್ನೆ: (ಸಾಫ್ಟ್‌ವೇರ್‌ಗೆ) ತಾವು ಈಗ ಮಾಡುತ್ತಿರುವ ಕೆಲಸ?

ಸಾಫ್ಟ್‌ವೇರ್: ನಿಗದಿತ ದಿನಾಂಕಕ್ಕೆ 30, 15 ಹಾಗೂ 7 ದಿನ ಮುಂಚಿತವಾಗಿ ಜವಾಬ್ದಾರಿಯುತ ಅಧಿಕಾರಿಗೆ ಇಮೇಲ್ ರವಾನಿಸುತ್ತೇನೆ.

ಮೈಕ್ರೋಮೀಟರ್: ಆ ಅಧಿಕಾರಿ ಜೂನ್‌ನಲ್ಲೇ ಕೆಲಸ ಬಿಟ್ಟು ಹೊಸೂರಿಗೆ ಹೋದರು.

ಸಾಫ್ಟ್‌ವೇರ್: ಎಲ್ಲ ಇಮೇಲ್‌ಗಳೂ ಯಶಸ್ವಿಯಾಗಿ ರವಾನೆಯಾಗಿವೆ.

ಪ್ರಶ್ನೆ: ಒಂದು ವೇಳೆ ತಾರೀಕು ಮೀರಿದರೆ?

ಸಾಫ್ಟ್‌ವೇರ್: ಕೆಂಪು ಬಣ್ಣ ತೋರಿಸುತ್ತೇನೆ. ಕೆಲಸ ಮುಗಿದ ನಂತರ ಮುಂದಿನ ದಿನಾಂಕವನ್ನು ಮುಗಿದ ದಿನದಿಂದ ಎಣಿಸಬೇಕೋ, ಮೂಲ ದಿನದಿಂದ ಎಣಿಸಬೇಕೋ ಎಂಬ ಆಯ್ಕೆಯೂ ಇರುತ್ತದೆ.

ಮೈಕ್ರೋಮೀಟರ್: ನಮ್ಮವರು ಮೊದಲನೆಯದನ್ನ ಒತ್ತಿದಾರೆ. ನಾನು ಹುಟ್ಟಿದಾಗ ನನ್ನ ತಾರೀಕು ಸಂಕ್ರಾಂತಿಗೆ ಇತ್ತು. ಒಂದು ವರ್ಷ ಹತ್ತು ದಿನ ತಡ, ಇನ್ನೊಂದು ವರ್ಷ ಹದಿನೈದು ದಿನ. ಹೀಗೇ ಜಾರಿ ಜಾರಿ ಈಗ ಶಿವರಾತ್ರಿ ಹತ್ತಿರ ಬಂದಿದೆ. ಇನ್ನೊಂದಿಷ್ಟು ವರ್ಷ ಬದುಕಿದರೆ ಯುಗಾದಿಗೆ. ಹೀಗೇ ಒಂದು ವರ್ಷ ಲೆಕ್ಕದಿಂದ ಮಾಯವಾದರೂ, ಕೆಲಸ ಮುಗಿದ ಮೇಲೆ ಒಂದು ದಿನವೂ ನಾನು ಕೆಂಪಾಗಿ ಉಳಿಯಲ್ಲ.

ಪ್ರಶ್ನೆ: ಆದರೆ ಆಡಿಟರ್ ಬಂದ ದಿನ ಯಾರಾದರೂ ಕೆಂಪಾಗಿದ್ದರೆ?

ಮೈಕ್ರೋಮೀಟರ್: ಆ ವಾರ ನಮ್ಮಲ್ಲಿ ಸಾಮೂಹಿಕ ನಿವೃತ್ತಿ. ತಾರೀಕು ಮೀರಿದವರನ್ನೆಲ್ಲ ‘ಬಳಕೆಯಲ್ಲಿಲ್ಲ’ ಅಂತ ಬದಲಾಯಿಸ್ತಾರೆ. ಡ್ಯಾಶ್‌ಬೋರ್ಡ್ ಗದ್ದೆಯ ಹಾಗೆ ಹಸಿರಾಗುತ್ತೆ. ನಿವೃತ್ತರಾದ ವರ್ನಿಯರ್ ಕ್ಯಾಲಿಪರ್ ಅಣ್ಣಂದಿರು ಆಪರೇಟರುಗಳ ಲಾಕರಿನಲ್ಲಿ ಟಿಫನ್ ಡಬ್ಬಿ ಪಕ್ಕ ಕೂತಿರ್ತಾರೆ. ಸೋಮವಾರ ಎಲ್ಲರೂ ಮತ್ತೆ ಡ್ಯೂಟಿಗೆ.

ಸಾಫ್ಟ್‌ವೇರ್: ಯಾವ ಬಳಕೆದಾರರು, ಯಾವ ದಿನ, ಎಷ್ಟು ಗಂಟೆಗೆ ಸ್ಥಿತಿ ಬದಲಾಯಿಸಿದರು ಎಂಬ ಸಂಪೂರ್ಣ ದಾಖಲೆ ನನ್ನಲ್ಲಿದೆ. ಯಾರೂ ಕೇಳಿರುವುದಿಲ್ಲ.

ಪ್ರಶ್ನೆ: ಲ್ಯಾಬಿಗೆ ಹೋಗಿ ಬಂದ ಮೇಲಾದರೂ ಎಲ್ಲ ಸರಿಹೋಗುತ್ತದಲ್ಲ?

ಮೈಕ್ರೋಮೀಟರ್: ಅಯ್ಯೋ, ನೀವೂ ಹಾಗೇ ತಿಳಿದಿದೀರಾ? ಕ್ಯಾಲಿಬ್ರೇಶನ್ ಅಂದರೆ ರಿಪೇರಿ ಅಲ್ಲ ಸ್ವಾಮಿ. ತಕ್ಕಡಿ ಹತ್ತಿದ ಮಾತ್ರಕ್ಕೆ ಹೊಟ್ಟೆ ಕರಗುತ್ತಾ? ಇಂಥ ಕಡೆ ಇಷ್ಟು ತಪ್ಪು ತೋರಿಸ್ತಾನೆ, ನಮ್ಮ ಅಳತೆಯಲ್ಲೇ ಇಷ್ಟು ಅನಿಶ್ಚಿತತೆ ಇದೆ ಅಂತ ಬರೆದು ಕೊಡ್ತಾರೆ, ಅಷ್ಟೇ. ಪಾಸೋ ಫೇಲೋ ಅಂತ ನೀವು ಕೇಳದಿದ್ದರೆ ಅದನ್ನೂ ಹೇಳಬೇಕಿಲ್ಲ. ನನ್ನ ತಮ್ಮ ಎಂಎಂ-11ರ ಸರ್ಟಿಫಿಕೇಟಿನಲ್ಲಿ 6 ಮೈಕ್ರಾನ್ ತಪ್ಪು ಅಂತ ಸ್ಪಷ್ಟವಾಗಿ ಬರೆದಿತ್ತು. ಮಿತಿ ಎಷ್ಟು? 4. ಸರ್ಟಿಫಿಕೇಟ್ ಸ್ಕ್ಯಾನ್ ಆಯ್ತು, ಅಪ್‌ಲೋಡ್ ಆಯ್ತು, ತಮ್ಮ ಹಸಿರಾದ.

ಸಾಫ್ಟ್‌ವೇರ್: ಕಡತ ಲಗತ್ತಿಸಿದೆಯೇ ಎಂದು ನಾನು ಪರಿಶೀಲಿಸುತ್ತೇನೆ. ಲಗತ್ತಿಸಲಾಗಿತ್ತು.

ಪ್ರಶ್ನೆ: ಯಾರೂ ಓದಲೇ ಇಲ್ಲವೇ?

ಮೈಕ್ರೋಮೀಟರ್: ಓದಿದರೆ ಪಾಪ ಸುತ್ತಿಕೊಳ್ಳುತ್ತೆ. ಅದನ್ನ ಸ್ವಲ್ಪ ಬಿಡಿಸಿ ಹೇಳಬೇಕು. ಉಪಕರಣ ತಪ್ಪಿದೆ ಅಂತ ಗೊತ್ತಾದ ಕ್ಷಣ, ಅದರಿಂದ ಅಳೆದು ಆಗಲೇ ಕಳಿಸಿಬಿಟ್ಟ ಮಾಲು ಸರಿಯಿತ್ತಾ ಅಂತ ಹಿಂದಕ್ಕೆ ಹೋಗಿ ನೋಡಬೇಕು. ಇದು 9001ರಲ್ಲೇ ಇರೋ ಮಾತು. ಅಂದರೆ ಹೋದ ಸಲದ ಕ್ಯಾಲಿಬ್ರೇಶನ್‌ನಿಂದ ಈಚೆಗೆ ತಮ್ಮ ಪಾಸ್ ಮಾಡಿದ ಅಷ್ಟೂ ಶಾಫ್ಟು. ಅವು ಯಾವ ಗಾಡಿಯ ಹೊಟ್ಟೆಯಲ್ಲಿ ಯಾವ ರಸ್ತೆಯಲ್ಲಿ ಓಡ್ತಿವೆಯೋ! ಗಿರಾಕಿಗೆ ಕಾಗದ ಬರೀಬೇಕು, ಗೋಡೌನಿನಲ್ಲಿ ಇರೋದನ್ನ ಬೇರೆ ಮಾಡಬೇಕು. ಇಷ್ಟೆಲ್ಲ ಯಾರಿಗೆ ಬೇಕು ಅಂತ ನಮ್ಮವರು ಒಂದು ಉಪಾಯ ಕಂಡುಕೊಂಡಿದಾರೆ. ಲ್ಯಾಬಿಗೆ ಕಳಿಸೋ ಹಿಂದಿನ ಸಂಜೆ ನಮ್ಮನ್ನೆಲ್ಲ ಸಾಲಾಗಿ ಕೂರಿಸಿ, ಒರೆಸಿ, ಸ್ಪ್ಯಾನರ್ ಹಾಕಿ ಜೀರೋ ಕೂರಿಸ್ತಾರೆ. ಬೀರುವಿನ ಬೀಗ ಅವತ್ತು ತೆರೆಯುತ್ತೆ ನೋಡಿ! ಲ್ಯಾಬಿನವರು ನೋಡೋದು ಅಲಂಕಾರವಾದ ಮುಖ. ವರ್ಷವಿಡೀ ನಾನು ಹೇಗಿದ್ದೆ ಅನ್ನೋ ಒಂದೇ ಒಂದು ಸಾಕ್ಷಿ ಹಿಂದಿನ ಸಂಜೆಯೇ ಅಳಿಸಿಹೋಗಿರುತ್ತೆ. ಅವಧಿ ಹಿಗ್ಗಿಸಬೇಕಾ ಕುಗ್ಗಿಸಬೇಕಾ ಅನ್ನೋಕೆ ಬೇಕಾದ ಅಂಕಿಯೂ ಅದೇ ಆಗಿತ್ತು.

ಸಾಫ್ಟ್‌ವೇರ್: ‘ಬಂದಾಗ ಇದ್ದ ಸ್ಥಿತಿ’ ಎಂಬ ಕಾಲಂನಲ್ಲಿ ಎಲ್ಲ ಉಪಕರಣಗಳಿಗೂ ‘ಸರಿ’ ಎಂದಿದೆ. ನನ್ನ ವಿಶ್ಲೇಷಣೆಯ ಪ್ರಕಾರ ಅವಧಿಯನ್ನು 18 ತಿಂಗಳಿಗೆ ವಿಸ್ತರಿಸಬಹುದಾಗಿದೆ.

(ಮೈಕ್ರೋಮೀಟರಿನ ರಾಚೆಟ್ ಸ್ವಲ್ಪ ಹೊತ್ತು ತಾನಾಗಿಯೇ ಕಟಕಟ ಎಂದಿತು. ನಗುವೆಂದು ಭಾವಿಸಿದೆವು.)

ಪ್ರಶ್ನೆ: ಲ್ಯಾಬಿನ ವಾಸ ಹೇಗಿರುತ್ತೆ?

ಮೈಕ್ರೋಮೀಟರ್: ಸ್ವರ್ಗ. 20 ಡಿಗ್ರಿ. ಉದ್ದದ ಅಳತೆಗೆಲ್ಲ ಅದೇ ಆಧಾರ ಅಂತ 1931ರಲ್ಲಿ ಜಗತ್ತು ಒಪ್ಪಿಕೊಂಡಿದೆ. ಹೋದ ತಕ್ಷಣ ಮುಟ್ಟಲ್ಲ, ಗಂಟೆಗಟ್ಟಲೆ ಸುಮ್ಮನೆ ಕೂರಿಸ್ತಾರೆ, ಮೈ ತಣ್ಣಗಾಗಲಿ ಅಂತ. ಇಲ್ಲಿ? ಲೇತಿನಿಂದ ಇಳಿಸಿದ ಬಿಸಿಬಿಸಿ ಶಾಫ್ಟನ್ನ ಹಾಗೇ ನನ್ನ ಬಾಯಿಗಿಡ್ತಾರೆ. 25 ಮಿ.ಮೀ. ಉಕ್ಕು ನನಗಿಂತ 30 ಡಿಗ್ರಿ ಬಿಸಿಯಿದ್ದರೆ 8 ಮೈಕ್ರಾನ್‌ಗಿಂತ ಜಾಸ್ತಿ ಉಬ್ಬಿರುತ್ತೆ. ನನ್ನ 4 ಮೈಕ್ರಾನ್ ಮರ್ಯಾದೆಗೆ ಯಾವ ಬೆಲೆ ಹೇಳಿ. ಬಿಸಿಯಲ್ಲಿ ಪಾಸು, ಆರಿದ ಮೇಲೆ ನಪಾಸು. ರಿಜೆಕ್ಷನ್ ಬಂದಾಗ ನನ್ನ ಸರ್ಟಿಫಿಕೇಟ್ ತೆಗೆದು ತೋರಿಸ್ತಾರೆ: ‘ಉಪಕರಣ ಸರಿಯಾಗೇ ಇದೆ!’

ಪ್ರಶ್ನೆ: ನಿಮ್ಮ ಮನೆತನದ ಬಗ್ಗೆ?

ಮೈಕ್ರೋಮೀಟರ್: ಪ್ರವರ ಹೇಳ್ತೀನಿ ಕೇಳಿ. ನನ್ನನ್ನ ಅಳೆದದ್ದು ಲ್ಯಾಬಿನ ಸ್ಲಿಪ್ ಗೇಜು, ಅದನ್ನ ಅಳೆದದ್ದು ಅದಕ್ಕಿಂತ ದೊಡ್ಡವರು, ಹೀಗೇ ಹತ್ತಿದರೆ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಅಲ್ಲಿಂದಾಚೆ ಬೆಳಕೇ. 1983ರಿಂದ ಮೀಟರ್ ಅಂದರೆ ಸೆಕೆಂಡಿನ 29,97,92,458ರಲ್ಲಿ ಒಂದು ಪಾಲು ಹೊತ್ತಿನಲ್ಲಿ ನಿರ್ವಾತದಲ್ಲಿ ಬೆಳಕು ಸಾಗೋ ದೂರ. ಸೂರ್ಯವಂಶ ಅಂತಲೇ ಅನ್ನಿ. ಕೂತಿರೋದು ಮಾತ್ರ ಕೊಳಕು ಬನಿಯನ್ ಬಟ್ಟೆ ಮೇಲೆ.

ಪ್ರಶ್ನೆ: ತಡವಾಗದೆ, ಯಾರೂ ನೆನಪಿಸದೆ ನಡೆಯುವ ತಪಾಸಣೆ ಒಂದೂ ಇಲ್ಲವೇ?

ಮೈಕ್ರೋಮೀಟರ್: ಇದೆಯಲ್ಲ, ಆಯುಧಪೂಜೆ! ಇಮೇಲ್ ಬೇಡ, ವರ್ಕ್ ಆರ್ಡರ್ ಬೇಡ. ಹಿಂದಿನ ದಿನವೇ ಲಾಕರ್‌ಗಳಿಂದ, ಡ್ರಾಯರ್‌ಗಳಿಂದ, ಲೇತಿನ ಕೆಳಗಿನಿಂದ ನಮ್ಮವರೆಲ್ಲ ಹೊರಗೆ ಬರ್ತಾರೆ. ಸಾಫ್ಟ್‌ವೇರಿನ ಪಟ್ಟಿಯಲ್ಲೇ ಇಲ್ಲದ ಇಬ್ಬರು ಡಯಲ್ ಗೇಜುಗಳು ಹೋದ ವರ್ಷ ಅವತ್ತೇ ಸಿಕ್ಕಿದ್ದು. ಎಲ್ಲರಿಗೂ ಸೀಮೆಎಣ್ಣೆ ಸ್ನಾನ. ಆಮೇಲೆ ಅರಿಶಿನ ಕುಂಕುಮ, ಅದನ್ನ ಹಚ್ಚೋದು ಸರಿಯಾಗಿ ನನ್ನ ಅಳತೆ ಮುಖಕ್ಕೆ. ಲಕಲಕ ಹೊಳೆಯೋ ಜಾಗ ಅದೊಂದೇ ಅಲ್ಲವಾ. ರಜೆ ಮುಗಿದ ಮೇಲಿನ ಮೊದಲ ಪಾಳಿಯಲ್ಲಿ ಎಲ್ಲ ಶಾಫ್ಟೂ ದಪ್ಪ ಬರುತ್ತೆ.

ಪ್ರಶ್ನೆ: ಕೊನೆಯ ಪ್ರಶ್ನೆ. ಈ ಸಾಫ್ಟ್‌ವೇರಿನಲ್ಲಿ ಒಂದು ಬದಲಾವಣೆ ಕೇಳಿ ಅಂದರೆ ಏನು ಕೇಳುತ್ತೀರಿ?

ಮೈಕ್ರೋಮೀಟರ್: ಒಂದು ಬಟನ್. ‘ಬಿತ್ತು’ ಅಂತ. ಹುಡುಗ ಒತ್ತಬೇಕು, ನಾನು ಆ ಕ್ಷಣ ಹಳದಿಯಾಗಬೇಕು, ಯಾರಾದರೂ ಬಂದು ಸ್ಲಿಪ್ ಗೇಜ್ ಇಟ್ಟು ನೋಡಬೇಕು. ಫೆಬ್ರವರಿವರೆಗೆ ಕಾಯಬಾರದು.

ಸಾಫ್ಟ್‌ವೇರ್: ಸದರಿ ಸೌಲಭ್ಯ ಈಗಾಗಲೇ ಲಭ್ಯವಿದೆ. ‘ಅನಿರೀಕ್ಷಿತ ಘಟನೆ’ ವಿಭಾಗ, ನಾಲ್ಕನೇ ಪುಟ. ಕಡ್ಡಾಯವಾಗಿ ಭರ್ತಿ ಮಾಡಬೇಕಾದವು: ಬೀಳಿಸಿದವರ ಹೆಸರು, ನೌಕರರ ಸಂಖ್ಯೆ, ಬೀಳಿಸಿದ ಕಾರಣ, ಆ ಕಾರಣದ ಕಾರಣ, ಹೀಗೆ ಐದು ಹಂತದವರೆಗೆ, ಮುಂದೆ ಬೀಳಿಸದಿರಲು ಕೈಗೊಂಡ ಕ್ರಮ, ಉಪಕರಣದ ಬೆಲೆ, ಮೇಲ್ವಿಚಾರಕರ ಹಾಗೂ ವ್ಯವಸ್ಥಾಪಕರ ಒಪ್ಪಿಗೆ. ಈ ಕಾರ್ಖಾನೆಯಲ್ಲಿ ಈವರೆಗೆ ದಾಖಲಾದ ಘಟನೆಗಳು: ಸೊನ್ನೆ.

ಮೈಕ್ರೋಮೀಟರ್: ಬರೆದುಕೊಳ್ಳಿ ಸ್ವಾಮಿ. ಇಡೀ ಪೀಣ್ಯದಲ್ಲಿ ನಮ್ಮಷ್ಟು ಹುಷಾರಿನ ಹುಡುಗರು ಎಲ್ಲೂ ಇಲ್ಲ.