ನಾಲೆ ಮೀನಿಗೆ ನಾನೇ ಅನ್ನದಾತ

ಮೊನ್ನೆ ಮಾಲೊಂದರಲ್ಲಿ ಜನ ದುಡ್ಡು ಕೊಟ್ಟು, ಗಾಜಿನ ತೊಟ್ಟಿಗೆ ಕಾಲಿಳಿಬಿಟ್ಟು ಮೀನುಗಳಿಂದ ಕಚ್ಚಿಸಿಕೊಳ್ಳುತ್ತಿದ್ದರು. ಮಂಡ್ಯ ಸೀಮೆಯಲ್ಲಿ ಬೆಳೆದ ನಮಗೆ ವಿಶ್ವೇಶ್ವರಯ್ಯ ನಾಲೆಯ ಪಕ್ಕೆ ಮೀನುಗಳು ಈ ಸೇವೆಯನ್ನು ಪುಕ್ಕಟೆ ಮಾಡುತ್ತಿದ್ದವು. ಮೊದಲು ವೈಸರಾಯ್ ಇರ್ವಿನ್ ಹೆಸರಿದ್ದ ಈ ನಾಲೆ ಕೆ.ಆರ್.ಎಸ್.ನಿಂದ ಹೊರಟು ಭತ್ತ ಬೆಳೆಸಿತು, ಕಬ್ಬು ಬೆಳೆಸಿತು. ನನ್ನೊಳಗೆ ಒಬ್ಬ ಮೀನುಗಾರನನ್ನು ಬೆಳೆಸಲು ಮಾತ್ರ ಅದರ ಕೈಲಾಗಲಿಲ್ಲ.

ಸಲಕರಣೆಗೇನೂ ಕೊರತೆಯಿರಲಿಲ್ಲ. ಬಿದಿರುಕಡ್ಡಿ, ಅಂಗಡಿಯಿಂದ ತಂದ ಗಾಳ, ಬೆಂಡಿಗೆ ನವಿಲುಗರಿಯ ದಂಟು, ತಿಪ್ಪೆ ಪಕ್ಕ ಅಗೆದ ಎರೆಹುಳು. ಮಿಕ್ಕ ಹುಳು ಚಡ್ಡಿ ಜೇಬಿನಲ್ಲೇ ಉಳಿದು, ಬಟ್ಟೆ ಒಗೆಯುವ ಅವ್ವನ ಕೈಗೆ ಸಿಕ್ಕಾಗ "ನಿನ್ ಮನೆ ಕಾಯ್ವೋಗ!" ಎಂಬ ಕೂಗು ಮೂರು ಬೀದಿಗೆ ಕೇಳುತ್ತಿತ್ತು. ಅವ್ವನದೂ ಅದೇ ಮನೆ ಎಂದು ನೆನಪಿಸುವ ಧೈರ್ಯ ಯಾರಿಗಿತ್ತು?

ಜಿಲೇಬಿ ಮೀನುಗಳು ಹುಳುವನ್ನಷ್ಟೇ ನಾಜೂಕಾಗಿ ತಿಂದು ಗಾಳವನ್ನು ತೊಳೆದಿಟ್ಟಂತೆ ಹಿಂದಿರುಗಿಸುತ್ತಿದ್ದವು. ಗಾಳಕ್ಕೆ ಸಿಕ್ಕಿದ್ದು ಹರಿದ ಚಪ್ಪಲಿ, ಜೊಂಡು, ನನ್ನದೇ ಅಂಗಿಯ ಕಾಲರು. ನಾಲೆಗೆ ನೀರು ನಿಲ್ಲಿಸಿದಾಗ ಗುಂಡಿಗಳಲ್ಲಿ ಉಳಿದ ಮೀನಿಗೆ ಊರೇ ಮಂಕರಿ ಹಿಡಿದು ಇಳಿಯುತ್ತಿತ್ತು. ಆಗಲೂ ನಾನು ಏಡಿ ಹಿಡಿದೆನೋ, ಏಡಿ ನನ್ನನ್ನು ಹಿಡಿಯಿತೋ ಎಂಬುದು ಬೆರಳಿಗೆ ಮಾತ್ರ ಗೊತ್ತು.

ಈಗ ಆ ನಾಲೆಗೆ ಕಾಂಕ್ರೀಟ್ ಗೋಡೆ. ಜಾರಿದರೆ ಹತ್ತಲು ಹಿಡಿತವಿಲ್ಲ. ಮಕ್ಕಳಿಗೆ ಗಾಳ ಕೊಡಿಸುವವರು ಈಜನ್ನೂ ಕಲಿಸಿ, ದಡದಲ್ಲಿ ಜೊತೆಗೇ ಕೂರಿ. ಸಾರಿಗೆ ಬೇಕಾದ ಮೀನನ್ನು ಮಾತ್ರ ಸಂತೆಯಿಂದ ಮೊದಲೇ ತಂದಿಟ್ಟುಬಿಡಿ!