ಚಾಲೂ-ಬಂದ್

ಹಿಂಗಾರಿನ ಕಾಲಕ್ಕೆ ಶಹಾಪುರದ ಯಾವ ಚಹಾದಂಗಡಿ ಮುಂದೆ ನಿಂತರೂ ಒಂದೇ ಮಾತು: ಕಾಲುವೆ ಚಾಲೂನೋ, ಬಂದೋ? ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆಗೆ ನೀರು ಬರುವುದು ಕೆಲ ದಿನ ಚಾಲೂ, ಕೆಲ ದಿನ ಬಂದ್ ಎಂಬ ವಾರಾಬಂದಿ ಲೆಕ್ಕದಲ್ಲಿ. ನೀರಾವರಿ ಸಲಹಾ ಸಮಿತಿ ಕೂತು ತಾರೀಖು ಗೊತ್ತು ಮಾಡಬೇಕು, ರೈತರು ಆ ತಾರೀಖಿಗೆ ಕಾಯಬೇಕು. ಹೊಳೆದಂಡೆಯವರಿಗೆ ಆ ತಾಪತ್ರಯವಿಲ್ಲ. ಕೃಷ್ಣೆಗೆ ಪಂಪ್‌ಸೆಟ್ ಇಳಿಸಿದರೆ ಮುಗಿಯಿತು. ಆದರೆ ಮಳೆಗಾಲದಲ್ಲಿ ಜಲಾಶಯದ ಗೇಟುಗಳು ತೆರೆದವೆಂದರೆ ಪಂಪ್‌ಸೆಟ್ ಎಲ್ಲಿ ಹೋಯಿತೆಂದು ಹೊಳೆಯನ್ನೇ ಕೇಳಬೇಕು. ಕೊಳ್ಳೂರಿನ ಸೇತುವೆ ಮುಳುಗಿ ದೇವದುರ್ಗದ ಹಾದಿಯೂ ಕಟ್ಟುತ್ತದೆ.

ಕಂಪ್ಯೂಟರಿನಲ್ಲಿ ಲಿನಕ್ಸ್ ಬಳಸುವವರೂ ಹೀಗೆಯೇ, ಕಾಲುವೆಯವರು ಮತ್ತು ಹೊಳೆಯವರು. ಡೆಬಿಯನ್ ಸ್ಟೇಬಲ್ ಅಪ್ಪಟ ಕಾಲುವೆ. 2023ರ ಜೂನ್‌ನಲ್ಲಿ 12ನೆಯ ಆವೃತ್ತಿ ಬಿಟ್ಟರು, 13ನೆಯದು ಬಂದದ್ದು 2025ರ ಆಗಸ್ಟ್‌ನಲ್ಲಿ. ನಡುವೆ ಭದ್ರತೆಯ ತೇಪೆ, ದೊಡ್ಡ ದೋಷಗಳ ತಿದ್ದುಪಡಿ, ಅಷ್ಟೇ. ಆರ್ಚ್ ಲಿನಕ್ಸ್‌ಗೆ ಆವೃತ್ತಿ ಸಂಖ್ಯೆಯೇ ಇಲ್ಲ. ಹೊಸದು ಬಂದಂತೆಲ್ಲ ಹರಿದು ಬರುತ್ತಲೇ ಇರುತ್ತದೆ.

ಸುರಪುರದಲ್ಲಿ ನನ್ನ ಗೆಳೆಯರೊಬ್ಬರದು ಡಿಟಿಪಿ ಅಂಗಡಿ. ಲಗ್ನಪತ್ರಿಕೆಯೇ ಅನ್ನ. ವಿಂಡೋಸ್ ಬಿಟ್ಟು ಡೆಬಿಯನ್, ಇಂಕ್‌ಸ್ಕೇಪ್, ಗುಬ್ಬಿ-ನವಿಲು ಫಾಂಟುಗಳಲ್ಲಿ ವಧೂವರರನ್ನು ಕೂಡಿಸುವ ಅಪರೂಪದ ಆಸಾಮಿ. ಬೆಂಗಳೂರಿನಲ್ಲಿ ಕೋಡ್ ಬರೆಯುವ ಸೋದರಳಿಯ ಹಬ್ಬಕ್ಕೆ ಬಂದಾಗಲೆಲ್ಲ ಶುರು ಹಚ್ಚುತ್ತಾನೆ:

“ಮಾಮಾ, ಇನ್ನಾ ಹಳೇದೇ ಹಿಡ್ಕೊಂಡು ಕುಂತೀರಲ್ರೀ. ಆರ್ಚ್ ಹಾಕಿ ಕೊಡ್ತೀನಿ, ಹೊಸಾದು ಬಂದಂಗ ನಿಮ್ಮ ಕಂಪ್ಯೂಟರಿನಾಗ ಇರ್ತದ.”

“ಬಂದು ಏನ್ ಮಾಡ್ತದಪಾ? ಲಗ್ನದ ಸೀಸನ್ನಿನಾಗ ಹೊಸಾದು ಬರೋದು ಬ್ಯಾಡ, ಇದ್ದದ್ದು ಹೋಗದಿದ್ರ ಸಾಕು.”

ಮಾಮನ ಅಂಜಿಕೆಗೆ ಆಧಾರವಿದೆ. 2022ರ ಆಗಸ್ಟ್‌ನಲ್ಲಿ ಕಂಪ್ಯೂಟರನ್ನು ಎಬ್ಬಿಸುವ ಗ್ರಬ್‌ನ ಹೊಸ ಆವೃತ್ತಿ ಬಂದಾಗ ಆರ್ಚ್ ಬಳಗದ ಎಷ್ಟೋ ಯಂತ್ರಗಳು ಏಳಲೇ ಒಲ್ಲೆವೆಂದವು. ಇನ್ನು ಸುಗ್ಗಿಗೆಂದು ತಿಂಗಳುಗಟ್ಟಲೆ ಊರು ಸೇರಿ, ತಿರುಗಿ ಬಂದು ಒಮ್ಮೆಲೇ ಅಪ್‌ಡೇಟ್ ಒತ್ತುವವರಿಗೆ ಆರ್ಚ್ ತಕ್ಕದ್ದಲ್ಲ. ಮೊಬೈಲ್ ಡೇಟಾದ ಮೇಲೆ ಬದುಕುವವರಿಗಂತೂ ಬೇಡವೇ ಬೇಡ.

ಹಾಗೆಂದು ಅಳಿಯನದು ಬರೀ ಶೋಕಿಯಲ್ಲ. ಹೊಸ ಲ್ಯಾಪ್‌ಟಾಪಿನ ವೈಫೈ ಹಳೆಯ ಕರ್ನೆಲ್‌ಗೆ ಗುರುತೇ ಸಿಗದಿರಬಹುದು. ಒತ್ತಕ್ಷರ ಕೂಡಿಸುವಲ್ಲಿನ ಸಣ್ಣ ತಪ್ಪೊಂದನ್ನು ಮೂಲದಲ್ಲಿ ಯಾರೋ ತಿದ್ದಿದರೂ ಅದು ಸ್ಟೇಬಲ್‌ಗೆ ಇಳಿಯುವಷ್ಟರಲ್ಲಿ ಮದುವೆಯಾದವರ ಮಗುವಿನ ಜಾವಳದ ಪತ್ರಿಕೆ ಅಚ್ಚಾಗಿರುತ್ತದೆ. ಬ್ಯಾಕ್‌ಪೋರ್ಟ್, ಫ್ಲ್ಯಾಟ್‌ಪ್ಯಾಕ್ ಎಂಬ ದಾರಿಗಳಿವೆ, ಬೇಕಾದ ಒಂದೆರಡನ್ನು ಮಾತ್ರ ಹೊಸದಾಗಿ ತರಲು. ನನಗೆ ಕೇಳಿದರೆ ಮಾಮನಂಥವರಿಗೆ ಅಷ್ಟು ಸಾಕು.

ಆದರೆ ಕಾಲುವೆಯವರ ಠೀವಿ ನೋಡಿದಾಗ ನನಗೆ 2024ರ ಮಾರ್ಚ್ ನೆನಪಾಗುತ್ತದೆ. ಎಕ್ಸ್‌ಝಡ್ ಎಂಬ ಕುಗ್ಗಿಸುವ ತಂತ್ರಾಂಶದಲ್ಲಿ ಯಾರೋ ಬೇಕೆಂದೇ ಹಿಂಬಾಗಿಲು ಇಟ್ಟಿದ್ದರು. ಡೆಬಿಯನ್ನಿನಲ್ಲಿ ಹೊಸದು ಮೊದಲು ಇಳಿಯುವ ಸಿಡ್, ಅದರ ಮುಂದಿನ ಟೆಸ್ಟಿಂಗ್‌ವರೆಗೆ ಬಂದಿದ್ದ ಅದು ಸ್ಟೇಬಲ್ ಮುಟ್ಟಲಿಲ್ಲ. ಹಿಡಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞ. ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಯಿತೆಂದು ಬೆನ್ನು ಹತ್ತಿದರು. (ಯಾದಗಿರಿ ಸ್ಟೇಷನ್ನಿನಲ್ಲಿ ಅರ್ಧ ತಾಸು ತಡವಾದರೂ ನಾವು ತಲೆ ಎತ್ತುವವರಲ್ಲ.) ಅವರು ಕೂತಿದ್ದದ್ದು ಸಿಡ್ ಮುಂದೆ, ಅಂದರೆ ಹೊಳೆಯ ನಡುವೆಯೇ. ಅಲ್ಲಿ ಯಾರೂ ಇಳಿಯದಿದ್ದರೆ ಅದೇ ನೀರು ಮುಂದೊಂದು ದಿನ ಕಾಲುವೆಗೂ ಬರುತ್ತಿತ್ತು.

ಇದನ್ನು ಹೇಳಿದಾಗ ಅಳಿಯ ಎದೆಯುಬ್ಬಿಸಿದ. ಮಾಮ ತಲೆಯಾಡಿಸಿ, “ಖರೆ ಅದ. ನೀವು ಇಳೀರಿ, ನಾವು ದಂಡಿ ಮ್ಯಾಲ ನಿಂತು ನೋಡ್ತೀವಿ” ಎಂದರು.

“ಮತ್ತ 13ನೇದರ ಹಾಕ್ಕೋರಿ ಮಾಮಾ.”

“ಶೂನ್ಯ ಮಾಸ ಬರ್ಲಿ, ನೋಡೋಣು. ಆವಾಗ ಲಗ್ನ ಇರಂಗಿಲ್ಲ.”